ಹಿಂದವಾಡಿಗೆ ಬಂದ ಪೆನಾಂಗ್

ಟಿಳಕವಾಡಿಯ ಎರಡನೇ ಗೇಟು ಬಿದ್ದಿದೆ. ರಿಕ್ಷಾದವ ಎಂಜಿನ್ ಬಂದ್ ಮಾಡಿ ಒಂದು ಕಾಲು ಹೊರಗೆ ಚಾಚಿದ್ದಾನೆ. ಹಿಂದಿನ ಸೀಟಿನಲ್ಲಿ ಮೂವರು ಒತ್ತಿಕೊಂಡು ಕೂತಿದ್ದಾರೆ. ನೀವು ಮುಂದೆ, ಅವನ ಸೀಟಿನ ಅಂಚಿನಲ್ಲಿ, ಕಂಬಿ ಹಿಡಿದುಕೊಂಡು. ಎಡಕ್ಕೆ ಸೈಕಲ್ಲಿನ ಎರಡೂ ಬದಿಗೆ ಹಾಲಿನ ಕ್ಯಾನು ತೂಗಿಬಿಟ್ಟ ಗೌಳಿ. ಬಲಕ್ಕೆ ಸ್ಕೂಟಿಯ ಹಿಂದೆ ಕೂತು, ಹೊಸ ಆಕಾಶಬುಟ್ಟಿ ಗಾಳಿಗೆ ಹರಿಯದಂತೆ ಎದೆಗವಚಿಕೊಂಡ ಹುಡುಗಿ. 2016ರ ಅಕ್ಟೋಬರ್, ಶನಿವಾರ, ಮಧ್ಯಾಹ್ನ ಎರಡು ಗಂಟೆ. ದೀಪಾವಳಿಗೆ ಒಂದೇ ವಾರ ಉಳಿದಿದೆ.

“ಗೇಟ್ ಬಿತ್ತಂದ್ರ ಹತ್ತ್ ನಿಮಿಷ ಹೋತು ನೋಡ್ರಿ,” ಎನ್ನುತ್ತಾನೆ ರಿಕ್ಷಾದವ.

ಹಿಂದೆ ಕೂತವರಲ್ಲಿ ಒಬ್ಬಳು ಪೆನಾಂಗಿನವಳು, ಒಬ್ಬಳು ಇಪೋದವಳು, ಒಬ್ಬ ಕೋಟಾ ಭಾರುವಿನವನು. ಹೆಸರು ಬೇಡ, ಊರಿನಿಂದಲೇ ಕರೆಯೋಣ. ಮೂವರೂ ಮಲೇಶ್ಯಾದವರು, ಮೂವರೂ ಮೂರನೇ ವರ್ಷದ ವೈದ್ಯಕೀಯ ವಿದ್ಯಾರ್ಥಿಗಳು. ಪೆನಾಂಗಿನವಳ ಮನೆಮಾತು ತಮಿಳು, ಇಪೋದವಳದು ಕ್ಯಾಂಟನೀಸ್, ಕೋಟಾ ಭಾರುವಿನವನದು ಮಲಯ್. ಬೆಳಗಾವಿಯ ಮಕ್ಕಳು ಓದಲಿಕ್ಕೆಂದು ಜರ್ಮನಿಗೋ ಅಮೆರಿಕಕ್ಕೋ ಹೋಗುವುದನ್ನು ನೀವು ದಿನಾ ಕೇಳಿದ್ದೀರಿ. ಈ ಮೂವರ ಪಾಲಿಗೆ ಬೆಳಗಾವಿಯೇ ಆ ಪರದೇಶ.

ಊರಿನ ಉತ್ತರ ತುದಿಗೆ, ನೆಹರು ನಗರದಲ್ಲಿ, ಕೆಎಲ್ಇ ಸಂಸ್ಥೆಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿದೆ. ಸಪ್ತರ್ಷಿಗಳೆಂದೇ ಹೆಸರಾದ ಏಳು ಜನ 1916ರಲ್ಲಿ ಕಟ್ಟಿದ ಸಂಸ್ಥೆ ಅದು. ಈ ವರ್ಷ ಅದಕ್ಕೆ ನೂರು. ಕಾಲೇಜು ಶುರುವಾದದ್ದು 1963ರಲ್ಲಿ. 2010ರಲ್ಲಿ ಯೂನಿವರ್ಸಿಟಿ ಸೈನ್ಸ್ ಮಲೇಶ್ಯಾದ ಜೊತೆ ಸೇರಿ ಇಲ್ಲಿ ಐದು ವರ್ಷದ ಎಂ.ಡಿ. ಕೋರ್ಸು ಆರಂಭವಾಯಿತು. ನಮ್ಮ ಎಂಬಿಬಿಎಸ್ ಹೇಗೋ ಆ ವಿಶ್ವವಿದ್ಯಾಲಯದ ಎಂ.ಡಿ. ಹಾಗೆ, ವೈದ್ಯನಾಗುವ ಮೊದಲ ಪದವಿ. ಓದು ಇಲ್ಲಿಯದು, ವಾರ್ಡು ಇಲ್ಲಿಯದು, ಪದವಿ ಮಾತ್ರ ಅಲ್ಲಿಯದು. ಆ ವಿಶ್ವವಿದ್ಯಾಲಯದ ವೈದ್ಯಕೀಯ ಆವರಣ ಇರುವುದು ಕೆಲಾಂತಾನ್ ರಾಜ್ಯದ ಕುಬಾಂಗ್ ಕೆರಿಯಾನ್‌ನಲ್ಲಿ, ಕೋಟಾ ಭಾರುವಿನ ಮಗ್ಗುಲಲ್ಲೇ. ಮನೆ ಹತ್ತಿರದ ಪದವಿಗಾಗಿ ಈ ಹುಡುಗ ಕೌಲಾಲಂಪುರದಿಂದ ಬೆಂಗಳೂರಿಗೆ ನಾಲ್ಕು ತಾಸು ಹಾರಿ, ಅಲ್ಲಿಂದ ರಾತ್ರಿಯಿಡೀ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ಕೂತು ಬಂದಿದ್ದಾನೆ. “ಅಮ್ಮ ಇನ್ನೂ ನಗ್ತಾಳೆ,” ಎನ್ನುತ್ತಾನೆ.

ಅವನ ಬಿಳಿ ಕೋಟು ಚೀಲದಲ್ಲಿ ಮಡಚಿಕೊಂಡಿದೆ. ಅಂಗಿಯ ಕಿಸೆಯಿಂದ ಒಂದು ಪುಟ್ಟ ನೋಟುಬುಕ್ಕು ಇಣುಕುತ್ತಿದೆ. ಕೇಳಿದರೆ ಕೊಡುತ್ತಾನೆ. ಪ್ರತಿ ಹಾಳೆಯಲ್ಲೂ ಮೂರು ಸಾಲು ಗೆರೆ: ಕನ್ನಡ, ಮರಾಠಿ, ಮಲಯ್. ಎಲ್ಲಿ ಬ್ಯಾನಿ? ಎಷ್ಟ್ ದಿನ ಆತು? ಚಕ್ಕರ್ ಬರ್ತೈತೇನು? ಊಟ ಹೋಗ್ತೈತೇನು? ರಾತ್ರಿ ನಿದ್ದಿ ಬರ್ತೈತೇನು? ಹಾಳೆಯ ಮೂಲೆಗೆ ಹಳದಿ ಕಲೆ, ವಾರ್ಡಿನಲ್ಲಿ ಯಾರೋ ಕೊಟ್ಟ ಅವಲಕ್ಕಿಯದು. ಸೋಮವಾರದಿಂದ ಶನಿವಾರದ ಮಧ್ಯಾಹ್ನದ ತನಕ ಇವರ ಲೋಕ ಇಷ್ಟೇ: ಬೆಳಗಿನ ಪಾಠ, ಆಮೇಲೆ ಮಂಚದಿಂದ ಮಂಚಕ್ಕೆ, ಬೈಲಹೊಂಗಲದ ಹೊಟ್ಟೆನೋವಿನಿಂದ ಚಂದಗಡದ ಕೆಮ್ಮಿಗೆ, ಸಂಜೆ ಗ್ರಂಥಾಲಯ, ರಾತ್ರಿ ಹಾಸ್ಟೆಲಿನಲ್ಲಿ ಮನೆಯಿಂದ ಬಂದ ಮೈಲೋ ಡಬ್ಬಿ. ಬೆಳಗಾವಿ ಅವರಿಗೆ ಸಿಗುವುದು ಈಗ, ಈ ಒಂದೂವರೆ ದಿನದಲ್ಲಿ.

ಗೂಡ್ಸ್ ಗಾಡಿ ಹಾಯುತ್ತದೆ. ಇಪೋದವಳು ವ್ಯಾಗನ್ ಎಣಿಸುತ್ತ ನಡುವೆ ತಪ್ಪುತ್ತಾಳೆ. ಗೇಟು ಏಳುವ ಮೊದಲೇ ಎರಡೂ ಕಡೆಯ ಬೈಕುಗಳು ಹಾರ್ನು ಹೊಡೆಯಲು ಶುರುಮಾಡಿವೆ.

ಹಳಿ ದಾಟಿ, ಆರ್‌ಪಿಡಿ ಕ್ರಾಸ್ ಹಾಯ್ದು ಹಿಂದವಾಡಿಗೆ ಬಂದರೆ ಗದ್ದಲ ತಗ್ಗುತ್ತದೆ. ಗೋವಾವೇಸ್ ಕಡೆಯ ದೊಡ್ಡ ರಸ್ತೆ ಬಿಟ್ಟು ಒಳಗೆ ತಿರುಗಿದಿರೋ, ಕಂಪೌಂಡಿನ ಮೇಲೆ ಬಾಗಿದ ಮಾವಿನ ಗಿಡ, ಹಳೆಯ ಹೆಂಚಿನ ಮನೆ, ಅದರ ಪಕ್ಕದಲ್ಲೇ ನಾಲ್ಕಂತಸ್ತಿನ ಹೊಸ ಅಪಾರ್ಟ್‌ಮೆಂಟು. ಇದೇ ಬಡಾವಣೆಯಲ್ಲಿ ಗುರುದೇವ ರಾನಡೆ ಮಂದಿರವಿದೆ. ಜಮಖಂಡಿಯಲ್ಲಿ ಹುಟ್ಟಿ, ಅಲಹಾಬಾದಿನಲ್ಲಿ ತತ್ತ್ವಶಾಸ್ತ್ರ ಕಲಿಸಿ, 1926ರಲ್ಲಿ ಉಪನಿಷತ್ತುಗಳ ಮೇಲೆ ಇಂಗ್ಲಿಷಿನಲ್ಲಿ ದೊಡ್ಡ ಗ್ರಂಥ ಬರೆದ ರಾ.ದ. ರಾನಡೆಯವರು ಕಟ್ಟಿದ ತೌಲನಿಕ ತತ್ತ್ವಶಾಸ್ತ್ರ ಮತ್ತು ಧರ್ಮಗಳ ಅಕಾಡೆಮಿ ಅಲ್ಲಿದೆ. ಎಲ್ಲ ಧರ್ಮಗಳ ಗ್ರಂಥ ಒಂದೇ ಸೂರಿನಡಿ ಕೂತಿವೆ ಎಂದು ಹೇಳಿದರೆ ಕೋಟಾ ಭಾರುವಿನವನು ರಿಕ್ಷಾದಿಂದ ತಲೆ ಹೊರಗೆ ಹಾಕಿ ನೋಡುತ್ತಾನೆ.

ಮನೆಯ ಮುಂದೆ ಇಳಿಯುತ್ತೀರಿ. ಆದರೆ ಗೇಟಿಗೆ ಹೋಗಲು ದಾರಿಯಿಲ್ಲ. ಓಣಿಯ ಹುಡುಗರು ಅಲ್ಲಿ ಕಿಲ್ಲೆ ಕಟ್ಟುತ್ತಿದ್ದಾರೆ.

ದೀಪಾವಳಿ ಬಂತೆಂದರೆ ಬೆಳಗಾವಿಯ ಓಣಿ ಓಣಿಯಲ್ಲಿ ಮಣ್ಣಿನ ಕೋಟೆ ಏಳುತ್ತದೆ. ಒಡೆದ ಇಟ್ಟಿಗೆ, ಕಲ್ಲು ಒಟ್ಟಿ ಗುಡ್ಡ ಮಾಡುತ್ತಾರೆ. ಅದರ ಮೇಲೆ ಕೆಸರಿನಲ್ಲಿ ಅದ್ದಿದ ಗೋಣಿಚೀಲ ಹೊದಿಸುತ್ತಾರೆ. ತೆಳ್ಳಗೆ ಮಣ್ಣು ಮೆತ್ತಿ, ಬುರುಜು, ದಿಡ್ಡಿ ಬಾಗಿಲು, ಸುತ್ತುವ ಮೆಟ್ಟಿಲು ತಿದ್ದುತ್ತಾರೆ. ಕೊನೆಗೆ ಸಾಸಿವೆ ಎರಚಿ ದಿನಾ ನೀರು ಚಿಮುಕಿಸಿದರೆ ಹಬ್ಬದ ಹೊತ್ತಿಗೆ ಗುಡ್ಡಕ್ಕೆ ಹಸಿರು ಬರುತ್ತದೆ. ಪೇಟೆಯಿಂದ ತಂದ ಮಣ್ಣಿನ ಶಿವಾಜಿ ಮೇಲೆ ಕೂಡುತ್ತಾನೆ, ಮಾವಳೆ ಸೈನಿಕರು ಮೆಟ್ಟಿಲ ಮೇಲೆ ನಿಲ್ಲುತ್ತಾರೆ.

“ಅಣ್ಣಾ, ಆ ಕಲ್ಲ್ ಸ್ವಲ್ಪ ಎತ್ತಿ ಇಡ್ರಿ,” ಎನ್ನುತ್ತಾನೆ ಎಂಟು ವರ್ಷದ ಸೇನಾಪತಿ. ಅವನಿಗೆ ಇವನು ಎಲ್ಲಿಯವನು ಎಂಬ ಗೊಡವೆಯಿಲ್ಲ, ತೋಳು ಗಟ್ಟಿ ಇದ್ದರೆ ಸಾಕು. ಕೋಟಾ ಭಾರುವಿನವನು ಪ್ಯಾಂಟು ಮಡಚಿ ಕೆಸರಿಗೆ ಕೈ ಹಾಕುತ್ತಾನೆ. ಯಾವ ಕೋಟೆ ಎಂದು ಕೇಳುತ್ತಾನೆ. ಪ್ರತಾಪಗಡ ಎಂದು ಒಬ್ಬ, ಅಲ್ಲ ರಾಯಗಡ ಎಂದು ಇನ್ನೊಬ್ಬ. ಜಗಳ ಹತ್ತುತ್ತದೆ. ನಿಮ್ಮ ಊರಿನಲ್ಲೇ ನಿಜವಾದ ಕೋಟೆ ಇದೆಯಲ್ಲ, ಅದನ್ನೇ ಕಟ್ಟಬಹುದಿತ್ತು ಎಂದು ಅವನು ಹರಕು ಹಿಂದಿಯಲ್ಲಿ ಹೇಳಿದರೆ, ಸೇನಾಪತಿ ಮುಖ ಸಿಂಡರಿಸುತ್ತಾನೆ: “ಅದು ಗುಡ್ಡದ ಮ್ಯಾಲ ಇಲ್ಲಲ್ಲ!”

ಒಳಗಿನಿಂದ ಎಣ್ಣೆಯ ವಾಸನೆ ಬರುತ್ತಿದೆ. ಬಾಗಿಲಲ್ಲಿ ಕಾಕು ನಿಂತಿದ್ದಾರೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. “ಬರ್ರಿ ಬರ್ರಿ, ಕೈಕಾಲು ತೊಳ್ಕೊಳ್ರಿ. ಲಗೂನ ಬರತೀರಿ ಅಂದಿದ್ರಿ, ಹಿಟ್ಟು ಒಣಗಾಕ ಹತ್ತೇತಿ.”

ಕಳೆದ ಮಳೆಗಾಲದಲ್ಲಿ ಈ ಮನೆಯ ಕಾಕಾ ಆಸ್ಪತ್ರೆಯಲ್ಲಿದ್ದರು. ಪೆನಾಂಗಿನವಳು ನೋಟುಬುಕ್ಕು ಹಿಡಿದು ಬಂದು ಅದೇ ಪ್ರಶ್ನೆಗಳನ್ನು ದಿನಾ ಕೇಳುತ್ತಿದ್ದಳು. ನಿವೃತ್ತ ಮಾಸ್ತರರಾದ ಕಾಕಾ ಉತ್ತರ ಹೇಳುವುದಕ್ಕಿಂತ ಅವಳ ಕನ್ನಡ ತಿದ್ದುವುದರಲ್ಲೇ ಆರಾಮಾದರು. ಮನೆಗೆ ಹೋಗುವ ದಿನ ಕಾಕು ಹೇಳಿದ್ದರು: “ದೀವಾಳಿ ಫರಾಳ ಮಾಡೂಮುಂದ ಬರಬೇಕು, ಬರೇ ತಿನ್ನಾಕ ಅಲ್ಲ, ಮಾಡಾಕ.” ಅವರ ಒಬ್ಬಳೇ ಮಗಳು ಜರ್ಮನಿಯ ಆಖೆನ್ ನಗರದಲ್ಲಿ ಎಂಜಿನಿಯರಿಂಗ್ ಸ್ನಾತಕೋತ್ತರ ಓದುತ್ತಿದ್ದಾಳೆ. ಮೇಲಿನ ಖೋಲಿ ಖಾಲಿ. ಹಬ್ಬದ ತಿಂಡಿಗಳ ಈ ಫರಾಳಕ್ಕೆ ಕೈ ಕಡಿಮೆ.

ಅಡುಗೆಮನೆಯ ನೆಲದ ಮೇಲೆ ವೃತ್ತಪತ್ರಿಕೆ ಹಾಸಿದೆ. ಒಂದು ಪರಾತದಲ್ಲಿ ಶಂಕರಪಾಳಿ ತಣಿಯುತ್ತಿವೆ. ಬಿಳಿ ಬಟ್ಟೆಯ ಕೆಳಗೆ ಕರಚಿಕಾಯಿ, ಮೂಲೆಯ ಡಬ್ಬಿಯಲ್ಲಿ ಅನಾರಸದ ಹಿಟ್ಟು, ಅಕ್ಕಿ ಮೂರು ದಿನ ನೆನೆದು ಬೆಲ್ಲದ ಜೊತೆ ಕಲೆತದ್ದು. ನಡುವೆ ಚಕ್ಕುಲಿಯ ಭಾಜಣಿ: ಅಕ್ಕಿ, ಕಡಲೆಬೇಳೆ, ಉದ್ದಿನಬೇಳೆ, ಜೀರಿಗೆ, ಕೊತ್ತಂಬರಿ ಕಾಳು ಬೇರೆ ಬೇರೆ ಹುರಿದು ಗಿರಣಿಯಲ್ಲಿ ಬೀಸಿಸಿದ್ದು. ಕಾಕು ಅದಕ್ಕೆ ಕಾದ ಎಣ್ಣೆ ಸುರಿಯುತ್ತಾರೆ. ಚುಂಯ್ ಎಂದು ಹಿಟ್ಟು ನೊರೆಯುತ್ತದೆ.

ಪೆನಾಂಗಿನವಳು ಹಿತ್ತಾಳೆಯ ಒರಳನ್ನು ಕೈಗೆತ್ತಿಕೊಂಡವಳೇ ನಕ್ಕುಬಿಡುತ್ತಾಳೆ. ಅವಳ ಅಜ್ಜಿಯ ಬಳಿ ಇಂಥದೇ ಇದೆ, ಅದೂ ಹಿತ್ತಾಳೆಯದೇ. ರಬ್ಬರ್ ತೋಟದ ಕೆಲಸಕ್ಕೆಂದು ತಮಿಳುನಾಡಿನಿಂದ ಹಡಗು ಹತ್ತಿದ ಮುತ್ತಜ್ಜಿಯ ಕಾಲದ್ದು. ದೀಪಾವಳಿಗೆ ಮುರುಕ್ಕು ಒತ್ತುವುದು ಅವಳಿಗೆ ಚಿಕ್ಕಂದಿನಿಂದ ರೂಢಿ. ಆದರೆ ಈ ಹಿಟ್ಟಿನ ಸ್ವಭಾವ ಬೇರೆ. ಎರಡು ಸುತ್ತು ಬರುವಷ್ಟರಲ್ಲಿ ಎಳೆ ಪಟಕ್ಕನೆ ಹರಿಯುತ್ತದೆ. “ಹಿಟ್ಟು ಒಣಗೇತಿ, ನೀರಿನ ಕೈ ಹಚ್ಚು,” ಎನ್ನುತ್ತಾರೆ ಕಾಕು. ಹಚ್ಚಿ ಮಿದ್ದರೆ ಮೂರನೇ ಸುತ್ತು ಕೂಡುತ್ತದೆ, ನಾಲ್ಕನೆಯದಕ್ಕೆ ತುದಿ ಒತ್ತಿ ಮುಗಿಸುತ್ತಾಳೆ. ಎಣ್ಣೆಗೆ ಬಿಟ್ಟಾಗ ಗುಳ್ಳೆ ಎದ್ದು, ಗುಳ್ಳೆ ತಗ್ಗಿ, ಬಣ್ಣ ಗೋಧಿಯಿಂದ ಕಂದಿಗೆ ತಿರುಗುವ ತನಕ ಯಾರೂ ಮಾತಾಡುವುದಿಲ್ಲ. ಮೊದಲನೆಯದನ್ನು ಕಾಕು ಮುರಿದು ನಿಮ್ಮ ಕೈಗೂ ಒಂದು ಚೂರು ಇಡುತ್ತಾರೆ. ಬಾಯಲ್ಲಿ ಕಟುಂ ಎನ್ನುತ್ತದೆ. “ಜಮಾಸ್ತು,” ಎಂದು ಕಾಕಾ ಹೊರಗಿನಿಂದ ತೀರ್ಪು ಕೊಡುತ್ತಾರೆ, ನೋಡದೆಯೇ.

ಐದು ಗಂಟೆಗೆ ಮೊಬೈಲ್ ರಿಂಗಾಗುತ್ತದೆ. ಆಖೆನ್‌ನಲ್ಲಿ ಆಗ ಮಧ್ಯಾಹ್ನ ಒಂದೂವರೆ. ಪರದೆಯಲ್ಲಿ ಮಗಳು, ಹೆಗಲಿಗೆ ಬಟ್ಟೆ ಚೀಲ, ಹಿಂದೆ ಸೂಪರ್ ಮಾರ್ಕೆಟ್ಟಿನ ಸಾಲು. ಅಲ್ಲಿ ರವಿವಾರ ಅಂಗಡಿಗಳು ಮುಚ್ಚಿರುತ್ತವೆ. ಇವತ್ತು ಕೊಳ್ಳದಿದ್ದರೆ ನಾಳೆ ಬ್ರೆಡ್ಡೇ ಗತಿ.

“ಅವ್ವಾ, ಯಾರವರು ನಮ್ಮ ಅಡಗಿಮನ್ಯಾಗ?”

“ನಿನ್ನ ಬದಲಿ ಬಂದಾರ,” ಎನ್ನುತ್ತಾರೆ ಕಾಕು.

ಮಗಳು ಮೊದಲು ಮುನಿಸಿಕೊಂಡಂತೆ ಮಾಡುತ್ತಾಳೆ, ಆಮೇಲೆ ಪೆನಾಂಗಿನವಳ ಜೊತೆ ಇಂಗ್ಲಿಷಿನಲ್ಲಿ ಮಾತಿಗೆ ಬೀಳುತ್ತಾಳೆ. ಇಬ್ಬರ ಕಷ್ಟಸುಖ ಒಂದೇ ಅಚ್ಚಿನವು. ಅವಳು ಆಖೆನ್‌ನ ವಿದೇಶಿಯರ ಕಚೇರಿಯಲ್ಲಿ ಸರದಿ ನಿಂತವಳು. ಇವಳು ಬೆಳಗಾವಿಗೆ ಬಂದ 14 ದಿನದೊಳಗೆ ಪೊಲೀಸ್ ಕಚೇರಿಯಲ್ಲಿ ಹೆಸರು ನೋಂದಾಯಿಸಿದವಳು. ಅವಳು ಯೂರೋವನ್ನು ರೂಪಾಯಿಗೆ ಗುಣಿಸಿ ಕಾಫಿ ಕುಡಿಯುವುದನ್ನೇ ಬಿಟ್ಟಿದ್ದಾಳೆ. ಇವಳು ರಿಂಗಿಟ್ಟಿಗೆ 16 ರೂಪಾಯಿ ಎಂದು ಭಾಗಿಸಿ ಚಹಾದ ಮೇಲೆ ಚಹಾ ಕುಡಿಯುತ್ತಾಳೆ. ವಿದ್ಯಾರ್ಥಿ ಟಿಕೆಟ್ಟಿನಲ್ಲಿ ರಾಜ್ಯದ ರೈಲೆಲ್ಲ ಹತ್ತಬಹುದಾದ್ದರಿಂದ ಅವಳ ರವಿವಾರಗಳೆಲ್ಲ ರೈಲಿನಲ್ಲೇ. ಆಖೆನ್‌ನ ಅಂಚಿನಲ್ಲಿ ಜರ್ಮನಿ, ನೆದರ್ಲ್ಯಾಂಡ್ಸ್, ಬೆಲ್ಜಿಯಂ ಮೂರೂ ಕೂಡುವ ಒಂದು ಗುಡ್ಡವಿದೆ, ನಾಳೆ ಅಲ್ಲಿಗೆ ನಡೆದು ಹೋಗುತ್ತಾಳಂತೆ.

“ನೀವು ನಾಳೆ ಎಲ್ಲಿ?” ಎಂದು ಕೇಳುತ್ತಾಳೆ.

“ಹಲಸಿ.”

“ಹಲಸಿ? ನಾನೇ ನೋಡಿಲ್ಲ!” ಹಿಂದವಾಡಿಯಲ್ಲಿ ಹುಟ್ಟಿ ಬೆಳೆದವಳು ಹಲಸಿ ನೋಡಿಲ್ಲ, ಆಖೆನ್‌ನ ಮೂರು ದೇಶದ ಗುಡ್ಡ ಮಾತ್ರ ಬಾಯಿಪಾಠ. ನೀವೂ ನೋಡಿಲ್ಲವಾದ್ದರಿಂದ ನೀವು ಸುಮ್ಮನಿರುತ್ತೀರಿ. ಸ್ವಂತ ಊರಿನಲ್ಲಿ ರವಿವಾರ ಮಲಗಲಿಕ್ಕೆ ಇರುತ್ತದೆ. ಪರ ಊರಿನಲ್ಲಿ ತಿರುಗಲಿಕ್ಕೆ.

ಸಂಜೆ ಪೇಟೆ. ಗಣಪತ ಗಲ್ಲಿಯಲ್ಲಿ ಕಾಲಿಡಲು ಜಾಗವಿಲ್ಲ. ಪಣತಿ ಗುಡ್ಡೆ ಹಾಕಿದ್ದಾರೆ, ರಂಗೋಲಿ ಪುಡಿಯ ಬಣ್ಣದ ರಾಶಿ, ಅಭ್ಯಂಗಕ್ಕೆ ಉಟಣೆ, ಮಣ್ಣಿನ ಶಿವಾಜಿ. ಮಾರುವವಳು ಮೊದಲು ಮರಾಠಿಯಲ್ಲಿ ಕರೆಯುತ್ತಾಳೆ, ಮುಖ ನೋಡಿ ಕನ್ನಡಕ್ಕೆ ಬರುತ್ತಾಳೆ, ಇಪೋದವಳನ್ನು ಕಂಡು ಹಿಂದಿಗೆ ಹಾರುತ್ತಾಳೆ, ಬೆಲೆ ಮಾತ್ರ ಇಂಗ್ಲಿಷಿನಲ್ಲಿ. ಇದಕ್ಕೆಲ್ಲ ಕೋಟಾ ಭಾರುವಿನವನಿಗೆ ಆಶ್ಚರ್ಯವೇ ಇಲ್ಲ. ಅವನ ರಾಜ್ಯ ಥಾಯ್ಲೆಂಡಿನ ಗಡಿಗೆ ಹತ್ತಿಕೊಂಡಿದೆ. ಕೆಲಾಂತಾನಿನ ಮಲಯ್ ಕೌಲಾಲಂಪುರದವರಿಗೇ ಅರ್ಥವಾಗುವುದಿಲ್ಲ. ಗಡಿ ಊರಿನವನಿಗೆ ಗಡಿ ಊರಿನ ವ್ಯವಹಾರ ಬೇಗ ಹಿಡಿಯುತ್ತದೆ: ಯಾರ ಹತ್ತಿರ ಯಾವ ಮಾತು, ಎಲ್ಲಿ ನಿಲ್ಲಿಸಬೇಕು, ಎಲ್ಲಿ ನಕ್ಕು ಮುಂದೆ ಹೋಗಬೇಕು.

ಅವನಿಗೆ ನಿಯಾಜ್ ಹೋಟೆಲಿನ ಬಿರಿಯಾನಿ ಬೇಕು, ಪೆನಾಂಗಿನವಳಿಗೆ ಕುಂದಾ. ಹಾಲು ಗಟ್ಟಿಯಾಗಿ, ಸಕ್ಕರೆ ಕಂದಿ, ಕಾಳುಕಾಳಾಗಿ ಬಂದ ಕುಂದಾವನ್ನು ಅಂಗಡಿಯವ ಎಲೆಯ ಮೇಲೆ ರುಚಿಗೆ ಕೊಡುತ್ತಾನೆ. ಬಿಸಿ ಇನ್ನೂ ಆರಿಲ್ಲ. ಅರ್ಧ ಕಿಲೋ ಕಟ್ಟಿಸುತ್ತಾಳೆ. ಡಿಸೆಂಬರಿನಲ್ಲಿ ಊರಿಗೆ ಹೋಗುವ ಸೀನಿಯರ್ ಒಬ್ಬರ ಕೈಯಲ್ಲಿ ಇನ್ನೂ ಎರಡು ಕಿಲೋ ಕಳಿಸುವ ಯೋಜನೆಯಿದೆ; ಅಲ್ಲಿ ಅವಳಪ್ಪ ಬೆಳಗಾವಿ ಎಂದರೆ ಕುಂದಾ ಎಂದಷ್ಟೇ ತಿಳಿದಿದ್ದಾನೆ. ರಾತ್ರಿ ಎಂಟಕ್ಕೆ ಅವಳು ಮನೆಗೆ ಫೋನ್ ಮಾಡುತ್ತಾಳೆ. ಅಲ್ಲಿ ಗಡಿಯಾರ ಎರಡೂವರೆ ತಾಸು ಮುಂದಿದೆ, ಅಮ್ಮ ಮಲಗುವ ಹೊತ್ತು. ಇಪೋದವಳು ಸ್ವೆಟರಿನ ಜಿಪ್ ಕತ್ತಿನ ತನಕ ಎಳೆದುಕೊಂಡಿದ್ದಾಳೆ. ಸಮುದ್ರಮಟ್ಟದಿಂದ ಎರಡೂವರೆ ಸಾವಿರ ಅಡಿ ಮೇಲಿರುವ ಈ ಊರಿನ ಅಕ್ಟೋಬರ್ ರಾತ್ರಿ ನಿಮಗೆ ಹಿತ, ಅವಳಿಗೆ ಚಳಿಗಾಲ.

ರವಿವಾರ ಬೆಳಗ್ಗೆ ಏಳೂವರೆ. ಖಾನಾಪುರದ ಬಸ್ಸು ಆಗಲೇ ತುಂಬಿದೆ. “ಒಳಗ ಸರೀರಿ, ಒಳಗ ಸರೀರಿ,” ಕಂಡಕ್ಟರ್ ಟಿಕೆಟ್ ಮಷಿನ್ನಿನಿಂದ ಕಂಬಿ ಬಡಿಯುತ್ತಾನೆ. ಬಸ್ಸು ಕಾಂಗ್ರೆಸ್ ರಸ್ತೆ ಹಿಡಿಯುತ್ತದೆ. ಎಡಬಲದ ಗದ್ದಲದಲ್ಲಿ ಕಾಂಗ್ರೆಸ್ ಬಾವಿ ಕಾಣಿಸುವುದೇ ತಡ ನೀವು ಕಿಟಕಿಗೆ ಬೆರಳು ಒತ್ತುತ್ತೀರಿ. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ನಡೆದದ್ದು ಇಲ್ಲಿ. ಬಂದ ಜನರಿಗೆ ನೀರಿಗೆಂದು ತೋಡಿದ ಬಾವಿ ಇದು. ಮೂರನೇ ಗೇಟು, ಉದ್ಯಮಬಾಗಿನ ಫೌಂಡ್ರಿಗಳು, ಪೀರನವಾಡಿ, ಮಚ್ಛೆಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ. ಅದನ್ನು ದಾಟಿದ ಮೇಲೆ ಊರು ಹಿಂದುಳಿಯುತ್ತದೆ. ಎರಡೂ ಕಡೆ ಭತ್ತ, ಮೇಲೆ ಹಳದಿ, ಬುಡದಲ್ಲಿ ಹಸಿರು, ತೆನೆ ಬಾಗಿದೆ. ಗದ್ದೆಯ ಮೇಲೆ ಮಂಜು ಮೊಣಕಾಲೆತ್ತರ ನಿಂತಿದೆ. ಇಪೋದವಳು ಕಿಟಕಿಯ ಗಾಜು ಸರಿಸಿ ಮೂಗು ಹೊರಗಿಡುತ್ತಾಳೆ. “ಕೆಡಾ,” ಎನ್ನುತ್ತಾಳೆ ಪೆನಾಂಗಿನವಳಿಗೆ. ಪೆನಾಂಗಿನ ಆಚೆದಂಡೆಯ ಕೆಡಾ ಮಲೇಶ್ಯಾದ ಭತ್ತದ ಕಣಜ.

ಖಾನಾಪುರದಲ್ಲಿ ಮಲಪ್ರಭೆ ದಾಟುತ್ತೀರಿ. ಇದೇ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ನದಿ ಇಲ್ಲಿ ಇನ್ನೂ ಚಿಕ್ಕವಳು. ಸವದತ್ತಿಯ ನವಿಲುತೀರ್ಥದಲ್ಲಿ ಕಟ್ಟೆಗೆ ಸಿಕ್ಕು, ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುವಾಗ ದೊಡ್ಡವಳು. ಈ ಊರಿನ ಹೆಸರು ಮಣ್ಣಿಗೆ. ಹಂಚು, ಇಟ್ಟಿಗೆ, ಮಡಿಕೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ ಇರುವುದೂ ಇಲ್ಲೇ. ನಾನಾ ಊರಿನ ಕುಂಬಾರರು ಕಲಿಯಲು ಇಲ್ಲಿಗೆ ಬರುತ್ತಾರೆ. ಪೆನಾಂಗಿನವಳು ರಸ್ತೆ ಬದಿಯಲ್ಲಿ ಒಂದು ಮಣ್ಣಿನ ಹರವಿ ಕೊಳ್ಳುತ್ತಾಳೆ. ಮಾರುವಾತ ಬೆರಳ ಗೆಣ್ಣಿನಿಂದ ಬಾರಿಸಿ ಠಣ್ ಎನ್ನಿಸಿ ಕೊಡುತ್ತಾನೆ: “ಬಿರುಕಿಲ್ಲ ನೋಡ್ರಿ, ಸಾರು ಕಾಯಿಸ್ರಿ ಬೇಕಾದ್ರ.” ಇಡೀ ದಿನ ಅದನ್ನು ಹೊರುವವನು ಮಾತ್ರ ಕೋಟಾ ಭಾರುವಿನವನು.

ಅಲ್ಲಿಂದ ಟಂಟಂ. ನಂದಗಡದಲ್ಲಿ ಇಳಿಯದೆ ಹೋಗುವಂತಿಲ್ಲ. ಕಿತ್ತೂರು ರಾಣಿ ಚೆನ್ನಮ್ಮನ ಭಂಟ ಸಂಗೊಳ್ಳಿ ರಾಯಣ್ಣನನ್ನು ಬ್ರಿಟಿಷರು 1831ರ ಜನವರಿ 26ರಂದು ಗಲ್ಲಿಗೇರಿಸಿದ್ದು ಈ ಊರಿನಲ್ಲಿ. ಸಮಾಧಿಯ ಮೇಲೆ ದೊಡ್ಡ ಆಲದ ಮರ. ಅವನ ಸಂಗಡಿಗ ಬಿಚ್ಚುಗತ್ತಿ ಚನ್ನಬಸಪ್ಪ ನೆಟ್ಟದ್ದೆಂದು ಜನ ನಂಬುತ್ತಾರೆ. ಟೊಂಗೆಗಳಲ್ಲಿ ಪುಟ್ಟ ಪುಟ್ಟ ತೊಟ್ಟಿಲು ತೂಗಿವೆ, ಮಕ್ಕಳಾಗಲಿ ಎಂದು ಹರಕೆ ಹೊತ್ತವರು ಕಟ್ಟಿದ್ದು. ಕಳೆದ ತಿಂಗಳಷ್ಟೇ ಹೆರಿಗೆ ವಾರ್ಡಿನ ಪಾಳಿ ಮುಗಿಸಿದ ಇಪೋದವಳು ತೊಟ್ಟಿಲುಗಳನ್ನು ಬಹಳ ಹೊತ್ತು ನೋಡುತ್ತಾಳೆ. ಆ ವಾರ್ಡಿನ ಹಾಸಿಗೆಗಳಲ್ಲಿ ಖಾನಾಪುರ ಕಡೆಯ ಹೆಂಗಸರು ಯಾವ ಮಾತಿನ ನಡುವೆ ಈ ಊರಿನ ಹೆಸರು ಎತ್ತುತ್ತಿದ್ದರು ಎಂಬುದು ಅವಳಿಗೆ ಈಗ ಗೊತ್ತಾಗುತ್ತಿದೆ. ರೋಗಿಯ ಊರು ನೋಡದ ವೈದ್ಯ ಅರ್ಧ ಹಿಸ್ಟರಿ ಬರೆದಂತೆ ಎಂದು ಕಾಕಾ ಹೇಳಿದ್ದು ಇದನ್ನೇ ಇರಬೇಕು.

ಹಲಸಿ ಮಧ್ಯಾಹ್ನಕ್ಕೆ ಸಿಗುತ್ತದೆ. ಹೆಂಚಿನ ಮನೆಗಳ ಸಾಲು, ಒಣಗಲು ಹಾಕಿದ ಶೇಂಗಾ, ಮೂಲೆ ತಿರುಗಿದರೆ ತಟ್ಟನೆ ಭೂವರಾಹ ನರಸಿಂಹ ದೇವಾಲಯ. ಮೆಟ್ಟಿಲ ಮೇಲೆ ಮೆಟ್ಟಿಲು ಇಟ್ಟಂತೆ ಏರುವ ಕದಂಬ ಶೈಲಿಯ ಶಿಖರ. ಗೋವೆಯ ಕದಂಬರ ಕಾಲದ, 12ನೇ ಶತಮಾನದ ಕಟ್ಟಡ. ಒಳಗೆ ಕಾಲಿಟ್ಟರೆ ಕಲ್ಲು ತಣ್ಣಗಿದೆ. ಒಂದು ಗರ್ಭಗುಡಿಯ ಎದುರು ಇನ್ನೊಂದು ಗರ್ಭಗುಡಿ, ದೇವರಿಗೆ ದೇವರು ಮುಖಾಮುಖಿ. ಭೂದೇವಿಯನ್ನು ಎತ್ತಿ ಹಿಡಿದ ವರಾಹನ ಮುಂದೆ ಅರ್ಚಕರು ದೀಪ ಎತ್ತಿ ತೋರಿಸುತ್ತಾರೆ. ಎಣ್ಣೆ ಹಚ್ಚಿ ಮಿನುಗುವ ಕಲ್ಲಿನಲ್ಲಿ ದಾಡೆ, ತೋಳು, ದೇವಿಯ ಪುಟ್ಟ ಪಾದ ಒಂದೊಂದಾಗಿ ಬೆಳಕಿಗೆ ಬರುತ್ತವೆ.

ಹೊರಗೆ ಕಟ್ಟೆಯ ಮೇಲೆ ಬುತ್ತಿ ಬಿಚ್ಚುತ್ತೀರಿ. ಕಾಕು ಕಟ್ಟಿಕೊಟ್ಟ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ನಿನ್ನೆಯ ಮುರುಕು ಚಕ್ಕುಲಿ. ಈಗ ಕತೆ ಹೇಳುವ ಸರದಿ ನಿಮ್ಮದು. ರಾಜ್‌ಕುಮಾರರ ‘ಮಯೂರ’ ನೋಡಿದ ಯಾರೂ ಇಲ್ಲಿ ಬಾಯಿ ಮುಚ್ಚಿಕೊಂಡಿರಲಾರರು.

ಈ ಹಲಸಿ ಆಗ ಪಲಾಶಿಕಾ, ಬನವಾಸಿಯ ಕದಂಬರ ಎರಡನೇ ರಾಜಧಾನಿಯಂಥ ಊರು. ದೊರೆ ಕಾಕುತ್ಸ್ಥವರ್ಮ ತನ್ನ ಪ್ರಾಣ ಉಳಿಸಿದ ಸೇನಾಪತಿ ಶ್ರುತಕೀರ್ತಿಗೆ ಭೂಮಿ ಕೊಟ್ಟ ತಾಮ್ರಪಟ ಸಿಕ್ಕಿದ್ದು ಇಲ್ಲೇ. ಮೃಗೇಶವರ್ಮ ತಂದೆಯ ನೆನಪಿಗೆ ಜಿನಾಲಯ ಕಟ್ಟಿಸಿದ್ದೂ ಇಲ್ಲೇ. ಇವರೆಲ್ಲರ ಮೂಲಪುರುಷ ಒಬ್ಬ ವಿದ್ಯಾರ್ಥಿ. ಶಿಕಾರಿಪುರ ತಾಲೂಕಿನ ತಾಳಗುಂದದಿಂದ, ಗುರು ವೀರಶರ್ಮನ ಜೊತೆ, ಪರರಾಜ್ಯವಾದ ಪಲ್ಲವರ ಕಂಚಿಗೆ, ಅಲ್ಲಿನ ಘಟಿಕೆಯಲ್ಲಿ ಓದಲು ಹೋದ ಮಯೂರಶರ್ಮ. ಅಲ್ಲಿ ಒಬ್ಬ ರಾವುತನೊಡನೆ ಜಗಳವಾಯಿತು. ಅವಮಾನ ಸಹಿಸದೆ ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ, ಶ್ರೀಶೈಲದ ಕಾಡಿನಲ್ಲಿ ನಿಂತು ಪಲ್ಲವರನ್ನೇ ಒಪ್ಪಿಸಿದ, 4ನೇ ಶತಮಾನದ ನಡುವೆ ಮೊದಲ ಕನ್ನಡ ಅರಸುಮನೆತನ ಕಟ್ಟಿದ. ತಾಳಗುಂದದ ಕಂಬದ ಶಾಸನದಲ್ಲಿ ಇದೆಲ್ಲ ಇದೆ.

“ಅಂದ್ರೆ ಕೋರ್ಸು ಮುಗಿಸಲಿಲ್ಲ,” ಎನ್ನುತ್ತಾನೆ ಕೋಟಾ ಭಾರುವಿನವನು, ಹರವಿಯ ಮೇಲೆ ಮೊಣಕೈ ಊರಿ.

ಪೆನಾಂಗಿನವಳು ತನ್ನ ಕಡೆಯ ಕತೆ ತೆಗೆಯುತ್ತಾಳೆ. ಕೆಡಾದ ಬುಜಾಂಗ್ ಕಣಿವೆಗೆ ಶಾಲೆಯಿಂದ ಪ್ರವಾಸ ಹೋಗಿದ್ದಳು. ಕಾಡಿನೊಳಗೆ ಹಳೆಯ ಗುಡಿಗಳ ತಳಪಾಯ. ರಾಜೇಂದ್ರ ಚೋಳ 1025ರಲ್ಲಿ ಹಡಗುಪಡೆ ಕಳಿಸಿ ಗೆದ್ದ ಕಡಾರಂ ಅದೇ ಕೆಡಾ. ಹಡಗಿನಲ್ಲಿ ಸೈನಿಕರಷ್ಟೇ ಹೋಗಿರಲಿಕ್ಕಿಲ್ಲ, ಕಲಿಯುವವರೂ ಕಲಿಸುವವರೂ ಎರಡೂ ದಿಕ್ಕಿಗೆ ಹೋಗಿರಬೇಕು ಎನ್ನುತ್ತಾಳೆ. ಇಪೋದವಳಿಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ: ವಾಪಸ್ ಬಸ್ಸು ಎಷ್ಟಕ್ಕೆ?

ಕತ್ತಲಾಗುವ ಹೊತ್ತಿಗೆ ಮತ್ತೆ ಹಿಂದವಾಡಿ. ಬುತ್ತಿಯ ಡಬ್ಬಿ ಖಾಲಿ ಮರಳಿಸಬಾರದಂತೆ, ಕಾಕಾ ಹಿಂದೆ ಹೇಳಿಕೊಟ್ಟಿದ್ದರು. ಪೆನಾಂಗಿನವಳು ಅದರಲ್ಲಿ ನಂದಗಡದ ಪೇಡೆ ತುಂಬಿದ್ದಾಳೆ. ಆದರೆ ಅವಳು ಬಂದದ್ದು ಡಬ್ಬಿ ಕೊಡಲಿಕ್ಕಷ್ಟೇ ಅಲ್ಲ. ಬಾಗಿಲಲ್ಲಿ ನಿಂತು, ದಾರಿಯುದ್ದಕ್ಕೂ ನಿಮ್ಮ ಹತ್ತಿರ ತಾಲೀಮು ಮಾಡಿದ ವಾಕ್ಯವನ್ನು ಒಪ್ಪಿಸುತ್ತಾಳೆ: “ಕಾಕು, ಬರೋ ಶನಿವಾರ ನಮ್ಮ ಕಡೆ ದೀವಾಳಿ. ನೀವಿಬ್ಬರೂ ಬರಬೇಕು.”

ಮಲೇಶ್ಯಾದಲ್ಲಿ ದೀಪಾವಳಿ ಎಂದರೆ ಓಪನ್ ಹೌಸ್. ಬಾಗಿಲು ತೆರೆದಿಟ್ಟು ಮಲಯ್, ಚೀನೀ, ತಮಿಳು ಎನ್ನದೆ ನೆರೆಹೊರೆಯನ್ನೆಲ್ಲ ಊಟಕ್ಕೆ ಕರೆಯುತ್ತಾರೆ. ನೆಹರು ನಗರದಲ್ಲಿ ಸೀನಿಯರ್‌ಗಳು ಬಾಡಿಗೆಗೆ ಹಿಡಿದ ಫ್ಲ್ಯಾಟಿನಲ್ಲಿ ಈ ಸಲ ಅದು ನಡೆಯಲಿದೆ. ಎರಡು ವರ್ಷ ಇವರು ಈ ಊರಿನಲ್ಲಿ ಕರೆದಲ್ಲಿಗೆ ಹೋದರು, ಉಂಡರು, ಬಂದರು. ಕರೆಯುವವರಾದದ್ದು ಈಗ. ಓದಲು ಬಂದ ಊರಿನಲ್ಲಿ ಮನುಷ್ಯ ಬೇರೂರುವುದು ಯಾವಾಗ ಎಂದು ಯಾರಾದರೂ ಕೇಳಿದರೆ ನಿಮ್ಮ ಬಳಿ ಇನ್ನು ಉತ್ತರವಿದೆ: ಆ ಊರಿನವರನ್ನು ತಾನು ಊಟಕ್ಕೆ ಕರೆದಾಗ.

ಕಾಕು ತಕ್ಷಣ ಹೂಂ ಎನ್ನುವವರಲ್ಲ. ವಿಚಾರಣೆ ಶುರುವಾಗುತ್ತದೆ. ಏನೇನು ಮಾಡ್ತೀರಿ? ಎಷ್ಟು ಮಂದಿ? ಗ್ಯಾಸಿನ ಒಲಿ ಐತೋ ಇಲ್ಲೋ? ನಾಸಿ ಲೆಮಾಕ್ ಅಂದರೆ ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನ ಎಂದು ಕೇಳಿ ಸಮಾಧಾನವಾಗುತ್ತದೆ. ಸಾಂಬಾಲ್ ಎಂಬ ಮೆಣಸಿನಕಾಯಿ ಗೊಜ್ಜಿನಲ್ಲಿ ಒಣಮೀನು ಇರುತ್ತದೆ ಎಂದು ಕೇಳಿ ಹುಬ್ಬು ಏರುತ್ತದೆ.

“ನಿಮಗ ಬೇರೆ ಪಾತೇಲಿ, ಕಾಕು. ಮೀನಿಲ್ಲ. ಹೊಸ ಪಾತೇಲಿ,” ಎನ್ನುತ್ತಾನೆ ಕೋಟಾ ಭಾರುವಿನವನು, ದಿನವಿಡೀ ಹೊತ್ತ ಹರವಿಯನ್ನು ಸಾಕ್ಷಿಗೆ ಎತ್ತಿ ಹಿಡಿದು.

“ಚಕ್ಕುಲಿ ನಾ ತರತೀನಿ,” ಎನ್ನುತ್ತಾರೆ ಕಾಕು. ಒಪ್ಪಿಗೆ ಸಿಕ್ಕಂತಾಯಿತು.

ಕಾಕಾ ಆರಾಮ ಕುರ್ಚಿಯಿಂದ ಕನ್ನಡಕ ಏರಿಸುತ್ತಾರೆ. “ನಾನೂ ಬರ್ತೀನಿ. ಆದ್ರ ಒಂದು ಮಾತು. ಊಟಕ್ಕ ಕರದು ಬಿಪಿ ನೋಡೂ ಹಂಗಿಲ್ಲ.”